ಅಂಗಿಯ ಮೇಲಿನ ಬಿಳಿ ಗೆರೆ

"ಅದನ್ನ ನಾಲಿಗೆಗೆ ಮುಟ್ಟಿಸಬೇಡ ಅಕ್ಕ. ಕೊಲೆ ಕೇಸಿನ ಸಾಕ್ಷ್ಯ ಅದು."

"ಮುಟ್ಟಿಸಿಲ್ಲ, ಹತ್ತಿರದಿಂದ ನೋಡ್ತಿದ್ದೀನಿ ಅಷ್ಟೇ. ಚಿಕ್ಕವನಿದ್ದಾಗ ಸ್ಲೇಟನ್ನ ನೆಕ್ಕಿ ಒರೆಸ್ತಿದ್ದವನು ನೀನು. ನನಗೆ ಶುಚಿ ಹೇಳಿಕೊಡೋಕೆ ಬಂದಿದ್ದೀಯ."

ಇನ್ಸ್‌ಪೆಕ್ಟರ್ ನಗಲಿಲ್ಲ. ಅಕ್ಕ ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ವೈದ್ಯಕೀಯ ಕಾಲೇಜಿನ ಆ ಪ್ರಯೋಗಾಲಯದಲ್ಲಿ ಆಕೆ ವರ್ಷಗಳಿಂದ ಒಂದೇ ಪಾಠ ಹೇಳುತ್ತ ಬಂದಿದ್ದಳು: ಮನುಷ್ಯನ ಮೈ ತನ್ನನ್ನು ತಾನು ಹೇಗೆ ಹದದಲ್ಲಿ ಇಟ್ಟುಕೊಳ್ಳುತ್ತದೆ ಎಂಬುದು. ಇಂದು ಬೆಂಚಿನ ಮೇಲೆ ಪಾಠದ ಬದಲು ಎರಡು ಅಂಗಿಗಳಿದ್ದವು. ಎರಡೂ ದಪ್ಪ ನೀಲಿ ಬಟ್ಟೆಯ ಕೆಲಸದ ಅಂಗಿಗಳು.

ಗಾಜಿನ ಕಾರ್ಖಾನೆಯ ಮೇಸ್ತ್ರಿ ಮೊನ್ನೆ ಸಂಜೆ, ಊದಿದ ಗಾಜನ್ನು ಕಾವಿನಲ್ಲಿಟ್ಟು ನಿಧಾನಕ್ಕೆ ತಣಿಸುವ, ಹೊರಗಿನಿಂದ ಬೀಗ ಬಿದ್ದಿದ್ದ ಕೋಣೆಯೊಳಗೆ, ಕಾವು ತಾಳಲಾರದೆ ಸತ್ತಿದ್ದರು. ಬೀಗದ ಕೈ ಸಿಕ್ಕಿದ್ದು ಒಡೆದ ಗಾಜಿನ ರಾಶಿಯೊಳಗೆ ತುರುಕಿದ್ದ ಒಂದು ಅಂಗಿಯ ಜೇಬಿನಲ್ಲಿ. ಆ ಅಂಗಿ ಮೇಸ್ತ್ರಿಯ ಒಡಹುಟ್ಟಿದ ತಮ್ಮನದು.

"ತನ್ನದೇ ಅಂತ ಒಪ್ಪಿಕೊಂಡಿದ್ದಾನೆ," ಎಂದ ಇನ್ಸ್‌ಪೆಕ್ಟರ್. "ಮೊಣಕೈ ಹತ್ತಿರದ ತೇಪೆ ನೋಡಿ ಗುರುತು ಹಿಡಿದ. 'ಅಂಗಿ ನಂದೇ ಸರ್, ಆದ್ರೆ ತೊಟ್ಟಿದ್ದು ನಾನಲ್ಲ' ಅಂತಾನೆ. ಠಾಣೆಯಲ್ಲಿ ಎಲ್ಲರೂ ನಕ್ಕರು. ಅವತ್ತೇ ಮಧ್ಯಾಹ್ನ ಅಣ್ಣತಮ್ಮಂದಿರು ಎಲ್ಲರ ಮುಂದೆ ಜಗಳ ಆಡಿದ್ದಾರೆ."

"ನೀನೂ ನಕ್ಕೆಯಾ?"

"ನಕ್ಕಿದ್ದರೆ ಇಲ್ಲಿಗೆ ಬರ್ತಿದ್ನಾ? ಸಂಜೆ ಅವನನ್ನ ದೂರದ ಜೈಲಿಗೆ ಕಳಿಸ್ತಾರೆ. ನಾಳೆ ಬೆಳಿಗ್ಗೆ ಅಣ್ಣನ ಅಂತ್ಯಕ್ರಿಯೆ. ಒಂದು ಸಲ ಅಣ್ಣನ ಮುಖ ನೋಡೋಕೆ ಬಿಡಿ ಅನ್ನೋದು ಬಿಟ್ಟರೆ ಬೇರೆ ಏನನ್ನೂ ಕೇಳ್ತಿಲ್ಲ ಅವನು."

ಅಕ್ಕ ಎರಡನೆಯ ಅಂಗಿಯನ್ನು ಎತ್ತಿಕೊಂಡಳು. ಬಂಧಿಸಿದಾಗ ಆ ತಮ್ಮ ಮೈಮೇಲೆ ತೊಟ್ಟಿದ್ದ ಅಂಗಿ ಅದು. ಇದನ್ನೂ ತರಬೇಕೆಂದು ಆಕೆ ನಿನ್ನೆಯೇ ಹೇಳಿ ಕಳಿಸಿದ್ದಳು.

"ಇಲ್ಲಿ ನೋಡು. ಇದು ಅವತ್ತು ಬೆಳಗಿನಿಂದ ಬೆಂಕಿ ಮುಂದೆ ನೆನೆದು, ಆರಿ, ಮತ್ತೆ ನೆನೆದಿರೋ ಅಂಗಿ. ಬೆನ್ನಲ್ಲಿ ಏನು ಕಾಣುತ್ತೆ?"

"ಮಸಿ. ಕೊಳೆ."

"ಈಗ ಅದರಲ್ಲಿ?"

ಬೀಗದ ಕೈ ಸಿಕ್ಕಿದ ಅಂಗಿಯ ಬೆನ್ನಿನಲ್ಲಿ, ಕಂಕುಳಿನ ಸುತ್ತ, ಕಾಲರಿನ ಕೆಳಗೆ ಬಿಳಿಯ ಗೆರೆಗಳಿದ್ದವು. ಅಲೆ ಹಿಂದೆ ಸರಿದ ಮೇಲೆ ಮರಳಿನ ಮೇಲೆ ಉಳಿಯುವ ಅಂಚಿನಂತೆ ಒಂದರ ಹಿಂದೊಂದು ಒಣಗಿ ಕೂತಿದ್ದವು.

"ಉಪ್ಪು," ಎಂದಳು ಅಕ್ಕ.

"ಬೆವರಲ್ಲಿ ಉಪ್ಪು ಇದ್ದೇ ಇರುತ್ತಲ್ಲ."

"ಇರುತ್ತೆ. ಎಷ್ಟು ಅನ್ನೋದೇ ಪ್ರಶ್ನೆ. ಹೊರಗೆ ಕುಲುಮೆ ಇರಲಿ, ಹಿಮ ಇರಲಿ, ಮೈಯೊಳಗಿನ ಕಾವು ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ಇರಬೇಕು. ಅದು ಏರಿದರೆ ಮೈ ಬೆವರುತ್ತೆ, ಬೆವರು ಆರುತ್ತಾ ಮೈ ತಣಿಯುತ್ತೆ. ಆದ್ರೆ ಬೆವರಿನ ಜೊತೆ ಉಪ್ಪು ಹೊರಟುಹೋಗುತ್ತೆ. ರಕ್ತದಲ್ಲಿ ಉಪ್ಪು ಕಡಿಮೆ ಆದರೂ ಜೀವಕ್ಕೆ ಕುತ್ತು. ಒಂದನ್ನ ಉಳಿಸೋಕೆ ಹೋಗಿ ಇನ್ನೊಂದನ್ನ ಕಳ್ಕೊಳ್ಳೋ ಪೇಚಿಗೆ ಮೈ ಸಿಕ್ಕಿಕೊಳ್ಳುತ್ತೆ."

"ಆಮೇಲೆ?"

"ಆಮೇಲೆ ಮೈ ಕಲಿಯುತ್ತೆ. ಮೂತ್ರಪಿಂಡದ ತಲೆ ಮೇಲೆ ಟೋಪಿ ಇಟ್ಟ ಹಾಗೆ ಒಂದು ಪುಟ್ಟ ಗ್ರಂಥಿ ಕೂತಿರುತ್ತೆ. 'ನೀರನ್ನ ಬಿಡು, ಉಪ್ಪನ್ನ ಹಿಡಿ' ಅಂತ ಅದು ಹಾರ್ಮೋನಿನ ಮೂಲಕ ಆಜ್ಞೆ ಕಳಿಸುತ್ತೆ. ದಿನಾ ಬೆಂಕಿ ಮುಂದೆ ನಿಲ್ಲೋನಿಗೆ ಒಂದೆರಡು ವಾರದಲ್ಲಿ ಬೆವರು ಜಾಸ್ತಿ ಆಗುತ್ತೆ, ಅದರಲ್ಲಿನ ಉಪ್ಪು ಇಳಿಯುತ್ತೆ. ವರ್ಷಗಟ್ಟಲೆ ಕುಲುಮೆಯಲ್ಲಿ ಪಳಗಿದವನ ಬೆವರು ಹೀಗೆ ಸುಣ್ಣ ಬಳಿದ ಹಾಗೆ ಗೆರೆ ಬಿಡಲ್ಲ."

ಇನ್ಸ್‌ಪೆಕ್ಟರ್ ಎರಡೂ ಅಂಗಿಗಳನ್ನು ಪಕ್ಕಪಕ್ಕದಲ್ಲಿ ಹರಡಿ ದಿಟ್ಟಿಸಿದ.

"ನ್ಯಾಯಾಧೀಶರು ಇದನ್ನ ಒಪ್ಪುತ್ತಾರಾ?"

"ಒಪ್ಪಿಸೋದು ನಿನ್ನ ಕೆಲಸ. ಒಬ್ಬೊಬ್ಬರ ಬೆವರು ಒಂದೊಂದು ಥರ, ಹಾಗಾಗಿ ಇದೊಂದನ್ನೇ ಹಿಡ್ಕೊಂಡು ಯಾರನ್ನೂ ಗಲ್ಲಿಗೆ ಹಾಕೋಕಾಗಲ್ಲ. ಆದ್ರೆ ಮನುಷ್ಯ ಒಬ್ಬನೇ, ದಿನ ಒಂದೇ, ಬೆಂಕಿ ಒಂದೇ ಆಗಿದ್ದರೆ ಬೆವರು ಎರಡು ಥರ ಆಗಲ್ಲ. ಅಂಗಿ ಅವನದು. ಬೆವರು ಬೇರೆಯವರದು."

"ಅಲ್ಲೇ ತೊಡಕಿರೋದು ಅಕ್ಕ. ಆ ಹೊತ್ತಿಗೆ ಕುಲುಮೆಮನೆಯ ಒಳಗಿದ್ದವರು ಮೂವರೇ ಅಂತ ಬಾಗಿಲಿನ ಕಾವಲುಗಾರ ಆಣೆ ಮಾಡಿ ಹೇಳ್ತಾನೆ. ಮೇಸ್ತ್ರಿ, ಅವರ ತಮ್ಮ, ಮೇಸ್ತ್ರಿಯ ಹೆಂಡತಿಯ ತಮ್ಮ. ಮೂವರೂ ಬೆಂಕಿ ಮುಂದೆ ಕೂದಲು ನರೆಸಿಕೊಂಡವರು. ಹೊಸಬರು ಯಾರೂ ಇಲ್ಲ."

"ಹಾಗಾದ್ರೆ ನಿನ್ನ ಕಾವಲುಗಾರ ಸುಳ್ಳು ಹೇಳ್ತಿರಬೇಕು."

"ಬೆವರು ಸುಳ್ಳು ಹೇಳಲ್ವಾ?"

"ಸಾಮಾನ್ಯವಾಗಿ ಇಲ್ಲ," ಎಂದಳು ಅಕ್ಕ, ಕನ್ನಡಕ ತೆಗೆದು ಒರೆಸುತ್ತ.

'ಸಾಮಾನ್ಯವಾಗಿ' ಎಂಬ ಮಾತನ್ನು ಅವನು ಆಗ ಗಮನಿಸಲಿಲ್ಲ.

*

ಕಾರ್ಖಾನೆಗೆ ಹೋಗುವ ದಾರಿಯಲ್ಲಿ ಅವನು ಠಾಣೆಯ ಮುಂದೆ ಜೀಪು ನಿಲ್ಲಿಸಲು ಚಾಲಕನಿಗೆ ಹೇಳಿದ. ಒಳಗಿನ ಬೆಂಚಿನ ಮೇಲೆ ಮೇಸ್ತ್ರಿಯ ಹೆಂಡತಿ ಬೆಳಗಿನಿಂದ ಕೂತಿದ್ದಳು. ಮಡಿಲಲ್ಲಿ ಒಂದು ಫ್ಲಾಸ್ಕು. ಮೈದುನನಿಗೆಂದು ತಂದ ಹಾಲು ಅದರೊಳಗೇ ತಣ್ಣಗಾಗಿತ್ತು. ಆತ ಕುಡಿಯಲು ಒಪ್ಪಿರಲಿಲ್ಲ.

ಇನ್ಸ್‌ಪೆಕ್ಟರನ್ನು ಕಂಡು ಆಕೆ ಎದ್ದಳು. ಎರಡು ದಿನದಲ್ಲಿ ಕಣ್ಣು ಗುಳಿ ಬಿದ್ದಿತ್ತು. ಧ್ವನಿ ಮಾತ್ರ ಗಟ್ಟಿಯಾಗಿಯೇ ಇತ್ತು.

"ಅವನನ್ನ ಬಿಟ್ಟುಬಿಡಿ ಸರ್. ಅವನು ಮಾಡಿಲ್ಲ."

"ನೋಡ್ತಿದ್ದೀವಿ ಅಮ್ಮ."

"ನೋಡೋದಕ್ಕೆ ಏನೂ ಇಲ್ಲ. ಅವನು ಮಾಡಿಲ್ಲ ಅಂತ ನನಗೆ ಗೊತ್ತು."

ಎತ್ತಿ ಆಡಿಸಿದ ಮೈದುನನ ಮೇಲೆ ಅತ್ತಿಗೆಗಿರುವ ಮಮತೆ ಎಂದುಕೊಂಡು ಅವನು ತಲೆಯಾಡಿಸಿ ಮುಂದೆ ನಡೆದ.

*

ಕುಲುಮೆಮನೆಯ ಬಾಗಿಲಲ್ಲಿ ಕಾವು ಗೋಡೆಯಂತೆ ಎದುರಾಯಿತು. ಮೇಸ್ತ್ರಿಯ ಕುಲುಮೆಗೆ ಮುಚ್ಚಳ ಎಳೆದಿದ್ದರು. ಒಳಗೆ ಬೆಂಕಿ ಉರಿಯುತ್ತಲೇ ಇತ್ತು. ಗಾಜಿನ ಕುಲುಮೆಯನ್ನು ಯಾರ ಸಾವಿಗೂ ಆರಿಸುವಂತಿಲ್ಲ.

ಎರಡನೆಯ ಕುಲುಮೆಯ ಹಿರಿಯ ಗಾಜು ಊದುಗಾರ ಇನ್ಸ್‌ಪೆಕ್ಟರನ್ನು ಸುತ್ತಾಡಿಸಿದ. ಕೆನ್ನೆ ಚೀಲದಂತೆ ಊದಿಕೊಂಡು ಜೋಲುತ್ತಿದ್ದುದರಿಂದ ಅಲ್ಲಿ ಆತನಿಗೆ 'ಬಲೂನು' ಎಂದೇ ಹೆಸರು.

"ಇದೇ ತಣಿಸುವ ಕೋಣೆ ಸರ್. ಊದಿದ ಗಾಜನ್ನ ಹೊರಗೆ ಹಾಗೇ ಇಟ್ಟರೆ ಬಿರುಕು ಬಿಡುತ್ತೆ. ಇಲ್ಲಿ ಜೋಡಿಸಿ, ಚಿಲಕ ಹಾಕಿ ಬೀಗ ಜಡಿದು, ಆಮೇಲೆ ಬೆಂಕಿಯ ಕಿಂಡಿ ತೆಗೀತೀವಿ. ಕಾವು ಏರಿ ನಿಧಾನಕ್ಕೆ ಇಳಿಯುತ್ತೆ."

"ಚಿಲಕ ಹಾಕೋವಾಗ ಒಳಗೆ ಯಾರಾದರೂ ಉಳಿದುಬಿಟ್ಟರೆ?"

"ಅದಕ್ಕೇ ಕೂಗಬೇಕು. 'ಯಾರಿದ್ದೀರಿ?' ಅಂತ ಒಂದು ಸಲ. ಉಸಿರು ಬಿಗಿಹಿಡಿದು ಕಿವಿಗೊಟ್ಟು, ಮತ್ತೊಂದು ಸಲ. ಎರಡಕ್ಕೂ ಉತ್ತರ ಬರದಿದ್ದರೆ ಮಾತ್ರ ಚಿಲಕ. ಹೆಂಡತಿ ಮಾತು ಮೀರಿದರೂ ಈ ಮಾತು ಮೀರೋನು ಇಲ್ಲಿ ಯಾರೂ ಇಲ್ಲ."

ಕೋಣೆಯ ಬಾಗಿಲಿಗೆ ಎದುರಾಗಿರುವ ಗೋಡೆಯಲ್ಲಿ ಒಂದು ಸಣ್ಣ ಕಿಟಕಿಯಿತ್ತು. ಅದರಾಚೆ ಗಾಜನ್ನು ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವ ಶೆಡ್ಡು. ಅಲ್ಲಿ ಕೆಲಸ ಮಾಡುವವರೆಲ್ಲ ಹೆಂಗಸರು, ಮೇಸ್ತ್ರಿಯ ಹೆಂಡತಿಯೂ ಅವರಲ್ಲೊಬ್ಬಳು. ತಣಿದ ಗಾಜು ಕೈಯಿಂದ ಕೈಗೆ ದಾಟುವುದು ಆ ಕಿಟಕಿಯಲ್ಲಿ.

"ಇದರಿಂದ ಒಳಗೆ ಬರಬಹುದಾ?"

"ಬೆಕ್ಕು ಬರಬಹುದು ಸರ್. ಮನುಷ್ಯರಿಗೆ ಭುಜವೇ ಹಿಡಿಸಲ್ಲ."

ಇನ್ಸ್‌ಪೆಕ್ಟರ್ ಆ ಕಿಟಕಿಯನ್ನು ಮನಸ್ಸಿನಿಂದ ತೆಗೆದುಹಾಕಿದ. ಅವನ ಕಣ್ಣು ಮೂಲೆಯ ಮಡಕೆಯ ಮೇಲೆ ಬಿದ್ದಿತ್ತು. ಮುಚ್ಚಳ ಮುಚ್ಚಿ, ಮೇಲೆ ಲೋಟ ಬೋರಲು ಹಾಕಿದ್ದರು.

"ಕುಡಿಯೋ ನೀರಾ?"

"ಉಪ್ಪುನೀರು. ಹೊಸಬರಿಗೆ."

ಇನ್ಸ್‌ಪೆಕ್ಟರ್ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಒಡನೆಯೇ ಉಗುಳಿದ. ಬಲೂನು ಹೊಟ್ಟೆ ಕುಲುಕಿಸಿ ನಕ್ಕ.

"ನೀವು ಬೆಂಕಿ ಮುಂದೆ ನಿಂತಿಲ್ಲ, ಅದಕ್ಕೆ ಬೇಡ ಅನ್ನಿಸುತ್ತೆ. ಹೊಸದಾಗಿ ಬಂದವನಿಗೆ ಅದು ಅಮೃತ. ಚೊಂಬುಗಟ್ಟಲೆ ಕುಡಿದು ಇನ್ನೂ ಬೇಕು ಅಂತಾನೆ. ದಿನ ಕಳೀತಾ ಮೈ ಪಳಗುತ್ತೆ. ಯಾವತ್ತು ಅವನು ಬಾಯಿಗಿಟ್ಟು ಥೂ ಅಂತ ಉಗೀತಾನೋ, ಅವತ್ತು ಎಲ್ಲರೂ ಚಪ್ಪಾಳೆ ತಟ್ತೀವಿ. 'ಉಪ್ಪು ಬಿಟ್ಟ' ಅಂತೀವಿ. ಮೇಸ್ತ್ರಿ ಅವನ ಕೈಗೆ ಊದುಗೊಳವೆ ಕೊಡೋದು ಅವತ್ತೇ."

"ಅಲ್ಲಿವರೆಗೆ?"

"ಮುಟ್ಟೋ ಹಾಗಿಲ್ಲ. ಹಸಿ ಮೈಯವನು ಕುಲುಮೆ ಬಾಯಲ್ಲಿ ತಲೆ ತಿರುಗಿ ಬಿದ್ದರೆ ಕರಗಿದ ಗಾಜು ಪಕ್ಕದವನ ಮೈಮೇಲೆ. ಅದನ್ನ ಕಣ್ಣಾರೆ ಕಂಡಿದ್ದೀನಿ ಸರ್. ಅದಕ್ಕೇ ನಮ್ಮ ಮೇಸ್ತ್ರಿ ಆ ವಿಷಯದಲ್ಲಿ ಸ್ವಂತ ಮಗನನ್ನೂ ಬಿಡ್ತಿರಲಿಲ್ಲ."

"ಒಮ್ಮೆ ಉಪ್ಪು ಬಿಟ್ಟವರು ಮತ್ತೆ ಹಿಡಿಯೋದುಂಟಾ?"

"ತಿಂಗಳುಗಟ್ಟಲೆ ರಜಾ ಹೋಗಿ ಬಂದರೆ ಮೈ ಮರೆತುಬಿಡುತ್ತೆ. ಆಗ ಮತ್ತೆ ಹೊಸಬರ ಸಾಲಲ್ಲಿ ನಿಲ್ಲಬೇಕು, ಎಲ್ಲರೂ ಆಡಿಕೊಂಡು ನಗ್ತಾರೆ. ಕೆಲಸದಲ್ಲೇ ಇರೋನಿಗೆ ಹಾಗಾಗಲ್ಲ."

"ಈಗ ಹೊಸಬರು ಯಾರಿದ್ದಾರೆ?"

"ಈ ಬೇಸಿಗೆಯಲ್ಲಿ ಯಾರನ್ನೂ ತಗೊಂಡಿಲ್ಲ. ಪದ್ಧತಿ ಅಂತ ಮಡಕೆ ತುಂಬಿಡ್ತೀವಿ, ಅಷ್ಟೇ."

ಇನ್ಸ್‌ಪೆಕ್ಟರ್ ಮುಚ್ಚಳ ಸರಿಸಿ ಒಳಗೆ ಬಗ್ಗಿದ.

"ಕುಡಿಯೋರೇ ಇಲ್ಲ ಅಂದಮೇಲೆ ಮಡಕೆ ಅರ್ಧ ಖಾಲಿ ಆಗಿದ್ದು ಹೇಗೆ?"

ಬಲೂನಿನ ನಗು ಕೆನ್ನೆಯಲ್ಲೇ ನಿಂತಿತು.

*

ಊದುಗೊಳವೆಗಳನ್ನಿಡುವ ಕೋಣೆಯಲ್ಲಿ ಮೇಸ್ತ್ರಿಯ ಹೆಂಡತಿಯ ತಮ್ಮ ಒಬ್ಬನೇ ಕೂತಿದ್ದ. ಮೇಸ್ತ್ರಿಯ ಮಗಳು ಚಿಕ್ಕವಳಿದ್ದಾಗ ಗೇಟಿನಲ್ಲಿ ನಿಂತು "ಮಾವಾ" ಎಂದು ಕೂಗುತ್ತಿದ್ದಳಂತೆ. ಅಂದಿನಿಂದ ಇಡೀ ಕಾರ್ಖಾನೆಗೆ ಆತ ಮಾವ. ಅಕ್ಕ-ಭಾವನ ಮನೆಯೇ ಆತನ ಮನೆ. ಬೇರೆ ಸಂಸಾರವಿರಲಿಲ್ಲ.

ಮಾವ ಒಂದು ಗೊಳವೆಯ ತುದಿಗೆ ಅಂಟಿದ ಗಾಜನ್ನು ಕೆರೆಯುತ್ತಿದ್ದ. ಇನ್ಸ್‌ಪೆಕ್ಟರನ್ನು ನೋಡಿ ಏಳಲು ಹೋದವನು ಗೋಡೆ ಹಿಡಿದು, ಕಣ್ಣು ಮುಚ್ಚಿ, ಒಂದು ಕ್ಷಣ ಹಾಗೇ ನಿಂತ.

"ಕೂತ್ಕೊಳ್ಳಿ. ಎರಡು ದಿನದಿಂದ ಏನೂ ತಿಂದಿಲ್ಲ ಅಂತ ಕಾಣುತ್ತೆ."

"ಹೊಟ್ಟೆ ನಿಲ್ಲಿಸಿಕೊಳ್ಳಲ್ಲ ಸರ್. ತಿಂದದ್ದೆಲ್ಲ ವಾಂತಿ. ಮನೆ ತುಂಬ ಜನ ಬೇರೆ."

ಅಂಗಿ ಬೇರೆ ಯಾರದೋ ಎಂಬಂತೆ ಆತನ ಭುಜದ ಮೇಲೆ ತೂಗುತ್ತಿತ್ತು. ಮುಖ, ಕತ್ತು, ಕೈ ಎಲ್ಲ ಬೆಂಕಿಗೆ ಸುಟ್ಟ ಬಣ್ಣಕ್ಕೆ ತಿರುಗಿದ್ದವು.

ಇನ್ಸ್‌ಪೆಕ್ಟರ್ ಕೈಯಲ್ಲಿದ್ದ ಲೋಟವನ್ನು ಮುಂದೆ ಚಾಚಿದ.

"ನೀರು ಕುಡೀರಿ."

ಮಾವ ಲೋಟ ತೆಗೆದುಕೊಂಡು ಗಟಗಟನೆ ಕುಡಿದ. ಮುಖ ಕಿವುಚಲಿಲ್ಲ. ತಳದಲ್ಲಿ ಉಳಿದ ಹನಿಯನ್ನೂ ತಲೆಯೆತ್ತಿ ಬಾಯಿಗೆ ಬಿಟ್ಟುಕೊಂಡ. ಹಿಂಗೈಯಿಂದ ತುಟಿ ಒರೆಸಿಕೊಂಡ ಮೇಲೆಯೇ ಇನ್ಸ್‌ಪೆಕ್ಟರನ ಮುಖ ನೋಡಿದ್ದು.

ಲೋಟ ಆತನ ಕೈಯಲ್ಲೇ ಉಳಿಯಿತು.

"ಮಡಕೆಯ ನೀರು," ಎಂದ ಮಾವ, ಮೆಲ್ಲಗೆ.

"ಹೌದು. ನನಗೆ ಅದನ್ನ ನುಂಗೋಕಾಗಲಿಲ್ಲ."

ಹೊರಗೆ ಯಾರೋ ಗಾಜು ಒಡೆದ ಸದ್ದಾಯಿತು. ಮಾವ ತಲೆ ತಗ್ಗಿಸಿದ.

"ಯಾವಾಗಿನಿಂದ?"

"ಕಳೆದ ವರ್ಷದಿಂದ. ಇದ್ದಕ್ಕಿದ್ದ ಹಾಗೆ ಶುರುವಾಯ್ತು. ಅಡುಗೆಮನೆಗೆ ಕಳ್ಳನ ಹಾಗೆ ಹೋಗಿ ಉಪ್ಪಿನ ಡಬ್ಬಿಗೆ ಕೈ ಹಾಕ್ತೀನಿ. ಒಂದು ದಿನ ರಜಾ ಹಾಕಿಲ್ಲ ಸರ್, ಆದರೂ ನನ್ನ ಮೈ ಬೆಂಕಿಯನ್ನ ಮರೆತುಬಿಟ್ಟಿದೆ. ನಾನು ಮತ್ತೆ ಹಸಿ ಆಗಿಬಿಟ್ಟೆ."

"ಯಾರಿಗೂ ಹೇಳಲಿಲ್ಲ."

"ಹೇಳಿ? ತಲೆ ನರೆತವನು ಹೊಸಬರ ಸಾಲಲ್ಲಿ ನಿಲ್ಲಲಾ? ಗೊಳವೆ ಬಿಟ್ಟರೆ ನನಗೆ ಬೇರೆ ಏನಿದೆ?"

"ಅದಕ್ಕೇ ಬೇರೆಯವರ ಅಂಗಿ."

ಮಾವ ತಲೆಯಾಡಿಸಿದ. "ನನ್ನ ಅಂಗಿ ಮಧ್ಯಾಹ್ನಕ್ಕೇ ಬೆಳ್ಳಗಾಗುತ್ತೆ. ಭಾವನ ಕಣ್ಣು ಗಿಡುಗನ ಕಣ್ಣು. ನನ್ನದನ್ನ ನೀರಲ್ಲಿ ನೆನೆಹಾಕಿ, ಗೂಟದ ಮೇಲಿರೋ ಭಾವನ ತಮ್ಮನ ಇನ್ನೊಂದು ಅಂಗಿ ತೊಡ್ತಿದ್ದೆ. ಸಂಜೆ ಅದನ್ನ ಬಚ್ಚಿಟ್ಟು, ಆಮೇಲೆ ಒಗೆದು ಗೂಟಕ್ಕೆ ಹಾಕ್ತಿದ್ದೆ. ಅವನಿಗೆ ಗೊತ್ತೇ ಆಗ್ತಿರಲಿಲ್ಲ, ಪಾಪ. 'ನನ್ನ ಅಂಗಿ ತನಗೆ ತಾನೇ ಸ್ನಾನ ಮಾಡಿ ಬರುತ್ತೆ' ಅಂತ ತಮಾಷೆ ಮಾಡ್ತಿದ್ದ."

"ಆದರೆ ಮೇಸ್ತ್ರಿಗೆ ಗೊತ್ತಾಯಿತು."

"ಮೊನ್ನೆ ಬೆಳಿಗ್ಗೆ. ಮಡಕೆ ಹತ್ತಿರ ನೋಡಿಬಿಟ್ಟರು. ಏನೂ ಅನ್ನಲಿಲ್ಲ. ಮಧ್ಯಾಹ್ನ ಎಲ್ಲರ ಮುಂದೆ 'ನಾಳೆಯಿಂದ ಈ ಕುಲುಮೆಗೆ ಇಬ್ಬರೇ' ಅಂದರು. ಹೆಸರು ಹೇಳಲಿಲ್ಲ. ನನ್ನ ಮಾನ ಉಳಿಸೋಕೆ."

"ತಮ್ಮ ಅದು ತನಗೇ ಅಂದುಕೊಂಡ."

"ಜಗಳ ಮಾಡಿದ. ನಾನು ಸುಮ್ಮನಿದ್ದೆ."

"ಈಗಲೂ ಸುಮ್ಮನಿದ್ದೀರಿ. ಸಂಜೆ ಅವನನ್ನ ಗಾಡಿ ಹತ್ತಿಸ್ತಾರೆ. ನಾಳೆ ಅಣ್ಣನ ಮುಖ ನೋಡೋಕೂ ಅವನಿರಲ್ಲ."

ಮಾವ ಲೋಟವನ್ನು ನೆಲಕ್ಕಿಟ್ಟ. ಹಣೆಯ ಮೇಲೆ ತಣ್ಣನೆಯ ಬೆವರು ಮೂಡಿತ್ತು.

"ಚಿಲಕ ಹಾಕಿ ಬೀಗ ಜಡಿದದ್ದು ನಾನು, ಬೀಗದ ಕೈ ಆ ಅಂಗಿಯ ಜೇಬಲ್ಲೇ ಉಳೀತು," ಎಂದ. "ಭಾವ ಆಗಲೇ ಮನೆಗೆ ಹೋದರು ಅಂತ ಅಂದುಕೊಂಡಿದ್ದೆ. ಮೂರು ಜನದಲ್ಲಿ ಕೊನೆಗೆ ಉಳಿದವನು ನಾನೇ ಅಂತ."

"ಕೂಗಿದಿರಾ?"

"ಕೂಗಿದೆ. ಒಂದು ಸಲ."

"ಎರಡನೇ ಸಲ?"

"ಕೂಗೋಕೆ ಮುಂಚೆ ಉತ್ತರ ಬಂತು."

ಇನ್ಸ್‌ಪೆಕ್ಟರ್ ಮುಂದಕ್ಕೆ ಬಾಗಿದ. "ಉತ್ತರ ಬಂದರೆ ಚಿಲಕ ಹಾಕಬಾರದಲ್ಲ?"

"ಒಳಗಿನಿಂದ ಬಂದಿದ್ದರೆ ಹಾಕ್ತಿರಲಿಲ್ಲ. ಹಿಂದಿನಿಂದ ಬಂತು. 'ಒಳಗೆ ಯಾರೂ ಇಲ್ಲ, ಹಾಕು' ಅಂತ."

"ಯಾರು?"

ಮಾವ ಎದ್ದು ನಿಂತ. ಕೈ ಗೋಡೆಯನ್ನು ಹುಡುಕಿತು, ಸಿಗಲಿಲ್ಲ. ಗೊಳವೆಗಳ ಸಾಲನ್ನು ತನ್ನೊಂದಿಗೆ ಎಳೆದುಕೊಂಡು ಆತ ನೆಲಕ್ಕೆ ಉರುಳಿದ.

*

"ಅವನ ಬಾಯಿ ತೆರೆದು ಒಸಡು ನೋಡು," ಎಂದಳು ಅಕ್ಕ ಫೋನಿನಲ್ಲಿ. "ಬೇಗ."

"ಕಪ್ಪಾಗಿದೆ. ಮಸಿ ಬಳಿದ ಹಾಗೆ."

"ಅಂಗೈ ಗೆರೆಗಳು?"

ಇನ್ಸ್‌ಪೆಕ್ಟರ್ ಆ ತಣ್ಣನೆಯ ಕೈಯನ್ನು ಬಿಡಿಸಿದ. ಅಂಗೈಯ ಗೆರೆಗಳು ಶಾಯಿಯಲ್ಲಿ ಎಳೆದಂತೆ ಕಪ್ಪಗಿದ್ದವು. ಬೆಂಕಿ ಮುಖವನ್ನು ಸುಡಬಹುದು. ಬಾಯೊಳಗಿನ ಒಸಡನ್ನು ಸುಡಲಾರದು.

"ಅವನ ಮೈ ಏನನ್ನೂ ಮರೆತಿಲ್ಲ ಕಣೋ. ನಾನು ಹೇಳಿದ ಆ ಗ್ರಂಥಿ ಸಾಯ್ತಾ ಇದೆ. ಮಿದುಳು ಮೇಲಿನಿಂದ ಆಜ್ಞೆಯ ಮೇಲೆ ಆಜ್ಞೆ ಕಳಿಸುತ್ತೆ, ಕೆಳಗಿನಿಂದ ಉತ್ತರವೇ ಇಲ್ಲ. ಆ ಕೂಗಿನ ಹಾರ್ಮೋನು ಹೆಚ್ಚಾಗಿ ಚರ್ಮ ಕಪ್ಪಾಗಿರೋದು. ಉಪ್ಪು ಹಿಡಿಯೋರಿಲ್ಲದೆ ಬೆವರಲ್ಲಿ, ಮೂತ್ರದಲ್ಲಿ ಸೋರಿ ಹೋಗ್ತಿದೆ. ಸಾವಿನ ದುಃಖ ಬೇರೆ. ಅಂಥ ಹೊತ್ತಲ್ಲೇ ಮೈಗೆ ಆ ಗ್ರಂಥಿಯ ರಸ ಹೆಚ್ಚು ಬೇಕಾಗೋದು. ದೊಡ್ಡಾಸ್ಪತ್ರೆಗೆ ಕರ್ಕೊಂಡು ಓಡು. ಅಲ್ಲಿನ ಡಾಕ್ಟರಿಗೆ ನಾನು ಹೇಳ್ತೀನಿ, ನಾನೂ ಬರ್ತೀನಿ. ತಡ ಆದರೆ ಉಳಿಯಲ್ಲ."

ಜೀಪಿನಲ್ಲಿ ಮಾವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೇ ಇನ್ಸ್‌ಪೆಕ್ಟರ್ ಮೇಲಧಿಕಾರಿಗೆ ಫೋನು ಮಾಡಿದ.

"ಜೈಲಿಗೆ ಹೋಗೋ ಗಾಡಿ ನಿಲ್ಲಿಸಬೇಕು ಸರ್. ಅಂಗಿ ತೊಟ್ಟವನು ಸಿಕ್ಕಿದ್ದಾನೆ."

"ಹೇಳಿಕೆ ಕೊಟ್ಟನಾ?"

"ಅರ್ಧ ಕೊಟ್ಟಿದ್ದಾನೆ."

"ಅರ್ಧ ಹೇಳಿಕೆ, ಒಂದು ಬೆವರಿನ ಅಂಗಿ. ನನ್ನನ್ನ ನಗೆಪಾಟಲು ಮಾಡಬೇಡ. ಗಾಡಿ ಆಸ್ಪತ್ರೆ ಮುಂದೆಯೇ ಹಾದು ಹೋಗುತ್ತೆ, ಕತ್ತಲಾಗೋವರೆಗೆ ಅಲ್ಲಿ ನಿಲ್ಲಿಸೋಕೆ ಹೇಳ್ತೀನಿ. ಅಷ್ಟರೊಳಗೆ ಅವನು ಪೂರ್ತಿ ಮಾತಾಡಿದರೆ ಸರಿ."

*

ಮಾವನ ತೋಳಿಗೆ ಉಪ್ಪುನೀರಿನ ಡ್ರಿಪ್ ಹಾಕಿದ್ದರು. ಗ್ರಂಥಿ ಕೊಡಲಾರದ ಹಾರ್ಮೋನನ್ನು ಸೂಜಿಯಲ್ಲಿ ಕೊಟ್ಟಿದ್ದರು. ಅಕ್ಕ ಹಾಸಿಗೆಯ ಪಕ್ಕದಲ್ಲಿ ಕೂತು, ಆತನ ಮಣಿಕಟ್ಟು ಹಿಡಿದು, ನಾಡಿಯನ್ನು ಕಿವಿಯಿಂದಲೇ ಕೇಳುವವಳಂತೆ ತಲೆ ವಾಲಿಸಿದ್ದಳು.

ಕಿಟಕಿಯ ಕೆಳಗೆ ಪೊಲೀಸ್ ಗಾಡಿ ನಿಂತಿತ್ತು. ಸರಳುಗಳ ಹಿಂದೆ ಮೇಸ್ತ್ರಿಯ ತಮ್ಮ ಮಂಡಿಗೆ ಹಣೆ ಕೊಟ್ಟು ಕೂತಿದ್ದ. ಬೀದಿದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು.

"ನಾಡಿ ತುಂಬ್ತಾ ಇದೆ," ಎಂದಳು ಅಕ್ಕ. "ಆದರೆ ಒಂದು ಮಾತು ನೆನಪಿಟ್ಕೋ. ರಕ್ತದಲ್ಲಿ ಉಪ್ಪು ಇಳಿದಾಗ ಮಿದುಳು ಇಲ್ಲದ ಧ್ವನಿಯನ್ನೂ ಕೇಳಿಸುತ್ತೆ. ಇವನು ಕೇಳಿದೆ ಅನ್ನೋ ಮಾತು ನಿಜವಾಗಿ ಯಾರಾದರೂ ಆಡಿದ್ದೋ ಅಲ್ಲವೋ, ನಾನು ಹೇಳಲಾರೆ."

"ಬೆಳಿಗ್ಗೆ ನೀನು 'ಸಾಮಾನ್ಯವಾಗಿ' ಅಂದಿದ್ದೆ."

"ನೀನು ಆಗಲೇ ಕೇಳಬೇಕಿತ್ತು."

ಮಾವ ಕಣ್ಣು ತೆರೆದ. ಇನ್ಸ್‌ಪೆಕ್ಟರ್ ಆತನ ಕಿವಿಯ ಹತ್ತಿರಕ್ಕೆ ಬಾಗಿದ.

"ನೀವು ಹಸಿ ಆಗಿರಲಿಲ್ಲ. ಕಾಯಿಲೆ ಅದು. ಔಷಧಿ ಇದೆ. ಕೇಳಿಸ್ತಾ?"

ಕಣ್ಣಂಚಿನಿಂದ ನೀರು ಇಳಿದು ಕಿವಿಯತ್ತ ಹರಿಯಿತು. "ಭಾವನಿಗೆ ಗೊತ್ತಿರಲಿಲ್ಲ," ಎಂದ ಮಾವ. "ನನಗೂ."

"'ಹಾಕು' ಅಂತ ಹೇಳಿದ್ದು ಯಾರು? ಮೇಸ್ತ್ರಿಯ ತಮ್ಮನಾ?"

"ಅವನಲ್ಲ. ಅವನು ಜಗಳ ಆದಮೇಲೆ ಹಿತ್ತಿಲ ಬಾಗಿಲ ಆಚೆ ಒಬ್ಬನೇ ಕೂತಿದ್ದ."

"ಮತ್ತೆ ಯಾರು? ತಿರುಗಿ ನೋಡಲಿಲ್ವಾ?"

"ತಿರುಗಿದರೆ ಬೀಳ್ತಿದ್ದೆ, ಅಷ್ಟು ತಲೆ ಸುತ್ತುತ್ತಿತ್ತು. ತಿರುಗೋ ಅಗತ್ಯವೂ ಇರಲಿಲ್ಲ ಸರ್." ಮಾವ ಉಸಿರು ತೆಗೆದುಕೊಂಡ. "ಹುಟ್ಟಿದಾಗಿನಿಂದ ಆ ಧ್ವನಿ ಏನು ಹೇಳಿದರೂ ಹೂಂ ಅಂದು ಮಾಡಿದವನು ನಾನು. ಅವತ್ತೂ ಮಾಡಿದೆ."

ಇನ್ಸ್‌ಪೆಕ್ಟರ್ ನೆಟ್ಟಗಾದ. ಅವನ ಕಣ್ಣು ತಾನಾಗಿಯೇ ಹಾಸಿಗೆಯ ಆಚೆ ಕೂತ ತನ್ನ ಅಕ್ಕನತ್ತ ಹೋಯಿತು. ನಿನ್ನೆಯಿಂದ ಆಕೆ ಹೇಳಿದ್ದನ್ನೆಲ್ಲ ಅವನೂ ಎದುರಾಡದೆ ಮಾಡಿದ್ದ. ಅಂಗಿ ತಾ ಎಂದರೆ ತಂದಿದ್ದ, ಓಡು ಎಂದರೆ ಓಡಿದ್ದ.

ಮನಸ್ಸಿನಿಂದ ತೆಗೆದುಹಾಕಿದ್ದ ಕಿಟಕಿ ಕಣ್ಣ ಮುಂದೆ ಬಂತು. ಮನುಷ್ಯರ ಭುಜ ಹಿಡಿಸದ ಕಿಟಕಿ. ಧ್ವನಿ ದಾಟುವುದಕ್ಕೆ ಭುಜ ಬೇಕಿರಲಿಲ್ಲ. ಅದರಾಚೆಯ ಶೆಡ್ಡಿನಲ್ಲಿ ಕೆಲಸ ಮಾಡುವವಳು ಮಾವನ ಅಕ್ಕ.

ಮಾವನ ನೋಟ ಅವನ ಹೆಗಲ ಮೇಲಿನಿಂದ ಹಿಂದಕ್ಕೆ ಹೋಗಿ ನಿಂತಿತು. ತುಟಿಗಳು ಬಿಗಿದುಕೊಂಡವು.

ಬಾಗಿಲಲ್ಲಿ ಮೇಸ್ತ್ರಿಯ ಹೆಂಡತಿ ನಿಂತಿದ್ದಳು. ಕೈಯಲ್ಲಿ ಅದೇ ಫ್ಲಾಸ್ಕು.

"ಇವನಿಗೆ ಹೇಗಿದೆ ಸರ್?" ಎಂದಳು. ಉತ್ತರಕ್ಕೆ ಕಾಯದೆ ಕಿಟಕಿಯ ಕಡೆ ನೋಡಿದಳು. "ಗಾಡಿ ಇನ್ನೂ ಹೋಗಿಲ್ಲ. ಅವನನ್ನ ಬಿಡ್ತೀರಿ ಅಲ್ವಾ? ಅವನು ಮಾಡಿಲ್ಲ ಅಂತ ನಾನು ಬೆಳಿಗ್ಗೆಯೇ ಹೇಳಿದ್ದೆ."

"ಹೇಳಿದ್ದಿರಿ," ಎಂದ ಇನ್ಸ್‌ಪೆಕ್ಟರ್. "'ನನಗೆ ಗೊತ್ತು' ಅಂದಿರಿ."

ಕೆಳಗೆ ಚಾಲಕ ಗಾಡಿಯ ಎಂಜಿನ್ನು ಶುರು ಮಾಡಿದ.

"ಹೇಗೆ ಗೊತ್ತು ಅಂತ ನಾನು ಆಗ ಕೇಳಲಿಲ್ಲ ಅಮ್ಮ. ಈಗ ಕೇಳ್ತಿದ್ದೀನಿ."

ಆಕೆ ಫ್ಲಾಸ್ಕನ್ನು ಮೇಜಿನ ಮೇಲಿಟ್ಟು ಅದರ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದಳು. ಆಮೇಲೆ, ಇನ್ನು ಹೇಳುವ ಮಾತು ಹೊರಗೆ ಹೋಗಬಾರದು ಎಂಬಂತೆ, ಕೈ ಹಿಂದಕ್ಕೆ ಚಾಚಿ, ಕೋಣೆಯ ಬಾಗಿಲ ಚಿಲಕವನ್ನು ಒಳಗಿನಿಂದ ಹಾಕಿದಳು.